ಪಂಚಾಯತಿ ಎಲೆಕ್ಷನ್: ಮತದಾರರ ಜೊತೆ ಮಾತಾಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾರಿಗಾಗಿ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹಳ್ಳಿಗಳಿಗೆ ಹೋಗಿ ಪಂಚಾಯತಿ ಚುನಾವಣೆ ಬಗ್ಗೆ ಜನರನ್ನು ಮಾತಾಡಿಸಬೇಕು ಅಂದುಕೊಂಡವರಿಗೆ. ಹೊಸದಾಗಿ ವರದಿ ಮಾಡುವವರು, ಪತ್ರಿಕೋದ್ಯಮ ಓದುವವರು, ಕಾಲೇಜಿನ ಪ್ರಾಜೆಕ್ಟ್ ಕೆಲಸಕ್ಕೆ ಊರೂರು ಸುತ್ತುವವರು ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ನಾಮಪತ್ರ ಶುರುವಾಯಿತು ಅಂದರೆ ಸಾಕು, ನನ್ನ ಫೋನ್ ಬಿಸಿಯಾಗುತ್ತದೆ. ಒಂದು ಕಡೆ ಬರೆದಿಟ್ಟರೆ ಅನುಕೂಲ ಅಂತ ಇದು. ಪ್ರಚಾರ ಮಾಡುವವರಿಗೆ ಇಲ್ಲಿ ಏನೂ ಇಲ್ಲ. ಅವರಿಗೆ ಹೇಳಿಕೊಡುವ ಅಗತ್ಯವೂ ಇಲ್ಲ ಬಿಡಿ.

"ಯಾರು ಗೆಲ್ತಾರೆ?" ಅಂತ ಕೇಳಿದ ಕೂಡಲೇ ಜನ ಯಾಕೆ ಸುಮ್ಮನಾಗುತ್ತಾರೆ?

ನಿಂತವರು ಅವರ ಪಕ್ಕದ ಮನೆಯವರು, ಅದಕ್ಕೆ.

ಕರ್ನಾಟಕದ ಕಾನೂನಿನ ಪ್ರಕಾರ 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯತಿ ಸದಸ್ಯ. ಅದರಲ್ಲಿ ಮಕ್ಕಳನ್ನು ಬಿಡಿ, ಪುಣೆ, ಹೈದರಾಬಾದಿಗೆ ದುಡಿಯಲು ಹೋದವರನ್ನು ಬಿಡಿ. ಉಳಿದವರ ಹೆಸರು, ಮನೆತನ, ಯಾರ ಜೊತೆ ಯಾರಿಗೆ ಮಾತಿಲ್ಲ ಅನ್ನುವುದೆಲ್ಲ ಅಭ್ಯರ್ಥಿಗೆ ಬಾಯಿಪಾಠ. ಒಂದು ಮನೆಯಲ್ಲಿ ಐದು ವೋಟು ಅಂದರೆ ಅದು ದೊಡ್ಡ ಲೆಕ್ಕ. ಎರಡು ಮೂರು ವೋಟಿನಲ್ಲಿ ಗೆದ್ದವರು, ಸೋತವರು ಎಲ್ಲ ತಾಲೂಕಿನಲ್ಲೂ ಸಿಗುತ್ತಾರೆ. ಸಮ ಬಂದರೆ ಚೀಟಿ ಎತ್ತಬೇಕಾಗುತ್ತದೆ.

ಇಂಥ ಕಡೆ ನೀವು ಹೋಗಿ ನಾಲ್ಕು ಜನರ ಮುಂದೆ "ಯಾರಿಗೆ ಹಾಕ್ತೀರಿ?" ಅಂತ ಕೇಳಿದರೆ ಅವರು ಏನು ಹೇಳಬೇಕು? ಸಂಜೆಯೊಳಗೆ ಆ ಮಾತು ಇನ್ನೊಬ್ಬರ ಮನೆ ಮುಟ್ಟಿರುತ್ತದೆ. ಹೊಲಕ್ಕೆ ಹೋಗುವ ದಾರಿ ಅವರ ಬದುವಿನ ಮೇಲೆ ಇರಬಹುದು. ಬೋರಿನ ನೀರು ಅವರ ಹತ್ತಿರ ಕೇಳಿ ತಂದಿರಬಹುದು. ಮಗಳನ್ನು ಆ ಮನೆತನಕ್ಕೇ ಕೊಟ್ಟಿರಬಹುದು. ಲೋಕಸಭೆ ಬಗ್ಗೆ ಇದೇ ಜನರನ್ನು ಕೇಳಿ ನೋಡಿ, ಎದೆ ತಟ್ಟಿ ಹೇಳುತ್ತಾರೆ. ಎಂಪಿ ಸಾಹೇಬರು ಬದುವಿನ ಜಗಳಕ್ಕೆ ಬರುವುದಿಲ್ಲ ನೋಡಿ.

ಅದಕ್ಕೇ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ: "ಎಲ್ಲಾರೂ ನಮ್ಮವರೇ ಅದಾರ್ರೀ." ಹೊಸಬರು ಇದನ್ನು ಜಾರಿಕೊಳ್ಳುವ ಮಾತು ಅಂತ ತಿಳಿಯುತ್ತಾರೆ. ಆದರೆ ಅದು ಅಕ್ಷರಶಃ ನಿಜ. ಎಷ್ಟೋ ವಾರ್ಡಿನಲ್ಲಿ ಅಣ್ಣನ ಮಗ ಒಂದು ಕಡೆ, ತಂಗಿಯ ಅಳಿಯ ಇನ್ನೊಂದು ಕಡೆ ನಿಂತಿರುತ್ತಾರೆ.

ಹಾಗಾದರೆ ಏನು ಕೇಳಬೇಕು?

ಕೆಲಸದ ಬಗ್ಗೆ ಕೇಳಿ, ಕಳೆದ 5 ವರ್ಷದ ಬಗ್ಗೆ ಕೇಳಿ. ಮನುಷ್ಯರ ಹೆಸರು ಎತ್ತಬೇಡಿ. ಹೆಸರು ತಾನಾಗಿ ಬಂದರೆ ಬರಲಿ.

ಚಿತ್ತಾಪುರ ತಾಲೂಕಿನ ಒಂದು ಊರಿನ ಹಿಟ್ಟಿನ ಗಿರಣಿ ಹತ್ತಿರ ನಡೆದ ಮಾತು ಹೇಳುತ್ತೇನೆ. ಕರೆಂಟ್ ಹೋಗಿತ್ತು. ಜೋಳದ ಡಬ್ಬಿ ಸಾಲಾಗಿ ಇಟ್ಟು ಹೆಣ್ಣುಮಕ್ಕಳು ನೆರಳಿಗೆ ಕೂತಿದ್ದರು. ನನ್ನ ಜೊತೆ ಬಂದಿದ್ದ ಹುಡುಗ ನೇರ ಕೇಳಿದ, "ಈ ಸಲ ಯಾರ ಕಡೆ ಗಾಳಿ ಅದರಿ?" ಎಲ್ಲರೂ ಸೆರಗು ಸರಿಮಾಡಿಕೊಂಡು ಆ ಕಡೆ ನೋಡಿದರು. ಮಾತು ಮುಗಿಯಿತು. ಸ್ವಲ್ಪ ಹೊತ್ತು ಬಿಟ್ಟು ನಾನು, "ಆಯಿ, ನಳದಾಗ ನೀರು ಎಷ್ಟು ದಿನಕ್ಕೊಮ್ಮೆ ಬರ್ತದ?" ಅಂದೆ. ಅಲ್ಲಿದ್ದ ವಯಸ್ಸಾದವರು ನಕ್ಕರು. "ಯಾವ ನಳ? ಮನಿ ಮುಂದ ಕಂಬ ನಿಲ್ಲಸ್ಯಾರ. ಅದಕ್ಕ ಆಡು ಕಟ್ಟೀನಿ." ಅಲ್ಲಿಂದ ಶುರುವಾಯಿತು ನೋಡಿ. ಪೈಪು ಹಾಕಲು ಸಿಸಿ ರೋಡ್ ಒಡೆದಿದ್ದು, ಒಡೆದಿದ್ದನ್ನು ಹಾಗೇ ಬಿಟ್ಟಿದ್ದು, ಹಳೇ ಕೈಪಂಪಿಗೆ ಈಗಲೂ ಪಾಳಿ ಹಚ್ಚುವುದು. ಕೊನೆಗೆ ಇನ್ನೊಬ್ಬರು ಅಂದರು, "ಬ್ಯಾಸಗ್ಯಾಗ ಮೋಟರ್ ಸುಟ್ಟಾಗ ಯಾರು ಬಂದು ನಿಂತ್ರು, ಯಾರು ಫೋನ್ ಎತ್ಲಿಲ್ಲ, ಅದು ನಮಗ ಗೊತ್ತದರಿ."

ಹೆಸರು ಹೇಳಲಿಲ್ಲ. ಹೇಳುವ ಅಗತ್ಯ ಇತ್ತಾ? ಆ ಓಣಿಯ ವೋಟು ಯಾವುದರ ಮೇಲೆ ನಿಂತಿದೆ ಅನ್ನುವುದು ಅದೊಂದು ಮಾತಿನಲ್ಲಿ ಬಂದುಬಿಟ್ಟಿತು.

ಇದೇ ತರಹದ ಪ್ರಶ್ನೆಗಳು ಬೇಕಾದಷ್ಟಿವೆ. ಆಶ್ರಯ ಮನೆಯ ಪಟ್ಟಿಯಲ್ಲಿ ಯಾರ ಹೆಸರು ಬಂತು? ಕಳೆದ ಸಲ ಗ್ರಾಮ ಸಭೆ ಯಾವಾಗ ಆಯಿತು, ಡಂಗುರ ಸಾರಿದ್ದರಾ? ಉದ್ಯೋಗ ಖಾತ್ರಿ ಕೆಲಸದ ಕೂಲಿ ಬಂತಾ? ಬೀದಿ ದೀಪ ಕೆಟ್ಟರೆ ಯಾರಿಗೆ ಹೇಳುತ್ತೀರಿ? ಕೊನೆಯದು ನನಗೆ ತುಂಬಾ ಇಷ್ಟ. "ಯಾರಿಗೆ ಹೇಳುತ್ತೀರಿ" ಅನ್ನುವುದರಲ್ಲಿ ಆ ಊರಿನ ನಿಜವಾದ ಅಧಿಕಾರ ಯಾರ ಕೈಯಲ್ಲಿದೆ ಅಂತ ಗೊತ್ತಾಗುತ್ತದೆ. ಎಷ್ಟೋ ಸಲ ಅದು ಮೆಂಬರ್ ಆಗಿರುವುದಿಲ್ಲ, ನೀರು ಬಿಡುವ ವಾಟರ್‌ಮ್ಯಾನ್ ಆಗಿರುತ್ತಾನೆ.

ಪಕ್ಷದ ಬಗ್ಗೆ ಕೇಳಬಹುದಾ?

ಗ್ರಾಮ ಪಂಚಾಯತಿ ಚುನಾವಣೆ ಪಕ್ಷದ ಮೇಲೆ ನಡೆಯುವುದಿಲ್ಲ. ಪಕ್ಷದ ಚಿಹ್ನೆ ಇರುವುದಿಲ್ಲ. ಚುನಾವಣಾ ಆಯೋಗ ಕೊಟ್ಟ ಆಟೋ, ಹೊಲಿಗೆ ಯಂತ್ರ ಇಂಥ ಗುರುತಿನ ಮೇಲೆ ನಿಲ್ಲುತ್ತಾರೆ. ಹಾಗಂತ ಊರಲ್ಲಿ "ಅವರು ಕೈ ಕಡೆ, ಇವರು ಹೂವಿನ ಕಡೆ" ಅನ್ನುವ ಮಾತು ಇರುವುದಿಲ್ಲ ಅಂತಲ್ಲ. ಇರುತ್ತದೆ, ಜೋರಾಗಿಯೇ ಇರುತ್ತದೆ. ಫಲಿತಾಂಶ ಬಂದ ಮರುದಿನ ಎಲ್ಲ ಪಕ್ಷದವರೂ "ನಮ್ಮ ಬೆಂಬಲಿಗರೇ ಜಾಸ್ತಿ ಗೆದ್ದಿದ್ದಾರೆ" ಅನ್ನುತ್ತಾರೆ. ಆ ಲೆಕ್ಕಗಳನ್ನು ಕೂಡಿಸಿದರೆ ಇರುವ ಸೀಟಿಗಿಂತ ಜಾಸ್ತಿ ಆಗುತ್ತದೆ. ನೀವು ಅದನ್ನು ಹಾಗೇ ಬರೆಯಬೇಡಿ. ಮತದಾರರು ತಾವಾಗಿ ಪಕ್ಷದ ಹೆಸರು ತೆಗೆದರೆ ಬರೆದುಕೊಳ್ಳಿ, ಇಲ್ಲದಿದ್ದರೆ ನೀವು ತೆಗೆಯಬೇಡಿ.

ಯಾವ ಹೊತ್ತಿಗೆ ಹೋದರೆ ಜನ ಸಿಗುತ್ತಾರೆ?

ಹಂಗಾಮು ನೋಡಿಕೊಂಡು ಹೋಗಿ. ಕಳೆದ ಸಾರ್ವತ್ರಿಕ ಪಂಚಾಯತಿ ಚುನಾವಣೆ 2020ರ ಡಿಸೆಂಬರ್ 22 ಮತ್ತು 27ಕ್ಕೆ ಎರಡು ಹಂತದಲ್ಲಿ ನಡೆಯಿತು. 30ಕ್ಕೆ ಎಣಿಕೆ. ಡಿಸೆಂಬರ್ ಅಂದರೆ ಕಲಬುರಗಿ ಕಡೆ ತೊಗರಿ ಕೊಯ್ಲು ಶುರುವಾಗುವ ಕಾಲ. ಯಾದಗಿರಿಯಲ್ಲಿ ಹತ್ತಿ ಬಿಡಿಸುವ ಕೆಲಸ ಇರುತ್ತದೆ. ಭಾಲ್ಕಿ, ಹುಮನಾಬಾದ್ ಕಡೆ ಕಬ್ಬಿನ ಗಾಡಿ ಓಡುತ್ತಿರುತ್ತವೆ. ಬೆಳಿಗ್ಗೆ 10ಕ್ಕೆ ಆರಾಮಾಗಿ ಊರಿಗೆ ಇಳಿದರೆ ಸಿಗುವುದು ಮುದುಕರು, ಚಿಕ್ಕ ಮಕ್ಕಳು ಮತ್ತು ಯಾರ ಪರವಾಗಿಯೋ ಓಡಾಡುವ ಹುಡುಗರು.

ಬೆಳಿಗ್ಗೆ 7ರೊಳಗೆ ಹೋಗಿ. ಇಲ್ಲವೇ ಹೊಲಕ್ಕೇ ಹೋಗಿ. ಹತ್ತಿ ಬಿಡಿಸುವಾಗ ಕೈ ಕೆಲಸದಲ್ಲಿರುತ್ತದೆ, ಬಾಯಿ ಖಾಲಿ ಇರುತ್ತದೆ. ನೀವೂ ಒಂದು ಸಾಲು ಹಿಡಿದು ಬಿಡಿಸುತ್ತಾ ಮಾತಾಡಿ. ಬುತ್ತಿ ಬಿಚ್ಚುವ ಹೊತ್ತಿಗೆ ಎಲ್ಲರೂ ಒಂದು ಕಡೆ ಸೇರುತ್ತಾರೆ. ಅಲ್ಲಿ ಅಭ್ಯರ್ಥಿಯ ಕಡೆಯವರು ಬಂದು ಕಿವಿಗೊಡುವುದೂ ಕಡಿಮೆ.

ಎಳ್ಳ ಅಮಾಸಿ ಆ ಸಮಯದಲ್ಲೇ ಬಂದರೆ ಅಂದು ಪೆನ್ನು ತೆಗೆಯಬೇಡಿ. ಹೊಲದಲ್ಲಿ ಚರಗ (ಭೂಮಿಗೆ ಎಡೆ) ಚೆಲ್ಲಲು ಹೋದವರ ಜೊತೆ ಹೋಗಿ ಸಜ್ಜಿ ರೊಟ್ಟಿ, ಭಜ್ಜಿ ಊಟ ಮಾಡಿ ಬನ್ನಿ. ಕೆಲಸ ಮರುದಿನ.

ಬೇಸಿಗೆಯಲ್ಲಿ ಚುನಾವಣೆ ಬಂದರೆ ಮಧ್ಯಾಹ್ನ ಪೂರ್ತಿ ಬಿಟ್ಟುಬಿಡಿ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಬಾಗಿಲು ಬಡಿದರೆ ಯಾರಿಗೂ ಇಷ್ಟ ಆಗುವುದಿಲ್ಲ.

ಅಗಸಿ (ಊರ ಬಾಗಿಲು) ಹತ್ತಿರ ಕಟ್ಟೆ ಮೇಲೆ ಕೂತವರನ್ನು ಮಾತಾಡಿಸಿದರೆ ಸಾಲದಾ?

ಸಾಲದು. ನಮ್ಮ ವರದಿಗಳ ದೊಡ್ಡ ರೋಗ ಇದೇ ಅಂತ ನನಗನ್ನಿಸುತ್ತದೆ. ಗಾಡಿ ನಿಲ್ಲಿಸಿದ ಕಡೆ ಸಿಕ್ಕವರು, ಚಹಾದ ಅಂಗಡಿಯಲ್ಲಿ ಕೂತವರು, ಬಿಳಿ ಅಂಗಿಯವರು. ಅವರ ಮಾತೇ "ಊರಿನ ಮಾತು" ಆಗಿಬಿಡುತ್ತದೆ. ಕಟ್ಟೆ ಮೇಲೆ ಯಾರು ಕೂಡುತ್ತಾರೆ, ಯಾರು ಕೂಡುವುದಿಲ್ಲ ಅಂತ ಮೊದಲು ನೋಡಿ. ದಲಿತರ ಓಣಿಯವರು ಆ ಕಟ್ಟೆ ಮೇಲೆ ಕೂಡದ ಊರುಗಳು ಇನ್ನೂ ಇವೆ. ಅವರ ಮಾತು ಅವರ ಓಣಿಯಲ್ಲೇ ಕೇಳಬೇಕು. ಕಟ್ಟೆಗೆ ಕರೆಸಿ ಕೇಳಬಾರದು.

ಲಂಬಾಣಿ ಜನ ಇರುವ ತಾಂಡಾಗಳಿಗೆ ಬೇರೆಯಾಗಿಯೇ ಹೋಗಬೇಕು. ಊರಿನಿಂದ ಎರಡು ಮೂರು ಕಿಲೋಮೀಟರ್ ದೂರ ಇರುತ್ತವೆ, ಆದರೆ ಪಂಚಾಯತಿ ಒಂದೇ. ಅಲ್ಲಿನ ಪ್ರಶ್ನೆಯೇ ಬೇರೆ. 2023ರ ಜನವರಿ 19ಕ್ಕೆ ಮಳಖೇಡದಲ್ಲಿ ಪ್ರಧಾನಿ ಬಂದು ತಾಂಡಾಗಳ ಜನರಿಗೆ ಹಕ್ಕುಪತ್ರ ಕೊಟ್ಟರು. 5 ಜಿಲ್ಲೆಗಳ 50 ಸಾವಿರಕ್ಕೂ ಜಾಸ್ತಿ ಕುಟುಂಬ ಅಂತ ಆಗ ಹೇಳಿದ್ದರು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಅದರಲ್ಲಿದ್ದವು. "ಹಕ್ಕುಪತ್ರ ಬಂತಾ? ಬಂದ ಮೇಲೆ ಪಂಚಾಯತಿಯಲ್ಲಿ ಏನು ಬದಲಾಯಿತು?" ಅಂತ ಕೇಳಿ. ತಾಂಡಾದ ಹಿರಿಯರು, ಅಂದರೆ ನಾಯಕರ ಮನೆಯಲ್ಲಿ ಕೂತು ಕೇಳುವುದು ಮರ್ಯಾದೆ, ಅಲ್ಲಿಂದಲೇ ಶುರು ಮಾಡಿ. ಆದರೆ ಅಲ್ಲೇ ಮುಗಿಸಬೇಡಿ. ನಾಯಕರು ಹೇಳಿದ ಕಡೆಗೇ ತಾಂಡಾದ ವೋಟೆಲ್ಲ ಬೀಳುತ್ತದೆ ಅನ್ನುವುದು ಹಳೇ ಲೆಕ್ಕ. ಬೆಂಗಳೂರು, ಮುಂಬೈ ನೋಡಿ ಬಂದ ಹುಡುಗರು ಈಗ ತಾವೇ ನಾಮಪತ್ರ ಹಾಕುತ್ತಾರೆ.

ಹೆಂಗಸರು "ನಮಗೇನ್ ತಿಳೀತದರಿ, ಮನ್ಯಾಗಿನವರಿಗೆ ಕೇಳ್ರಿ" ಅಂದರೆ?

ಅದನ್ನು ನಂಬಬೇಡಿ. ಅದು ಬಾಗಿಲಲ್ಲಿ ನಿಂತ ಅಪರಿಚಿತರಿಗೆ ಹೇಳುವ ಮಾತು. ಗಂಡ ಪಕ್ಕದಲ್ಲಿ ನಿಂತು ಉತ್ತರ ಕೊಡುತ್ತಿದ್ದರೆ ಅವನ ಉತ್ತರ ಪೂರ್ತಿ ಕೇಳಿ, ಬರೆದುಕೊಳ್ಳಿ, ಧನ್ಯವಾದ ಹೇಳಿ. ಹೆಂಡತಿಯ ಉತ್ತರ ಅಂತ ಮಾತ್ರ ಅದನ್ನು ಬರೆಯಬೇಡಿ.

ಹೆಣ್ಣುಮಕ್ಕಳು ಗುಂಪಾಗಿ ಇರುವ ಕಡೆ ಹೋಗಿ. ಸಂಘದ ಮೀಟಿಂಗ್, ಗಿರಣಿ, ಹೊಲ, ಅಂಗನವಾಡಿ ಮುಂದೆ. ಸಾಧ್ಯವಾದರೆ ಹೆಣ್ಣುಮಕ್ಕಳೇ ಹೋಗಲಿ. ಮಾತು ಪಾಯಖಾನೆ, ಬಯಲಿಗೆ ಹೋಗುವ ಜಾಗ, ಸಾರಾಯಿ ಇವುಗಳ ಕಡೆ ತಿರುಗುತ್ತದೆ. ಗಂಡಸರ ಮುಂದೆ ಇವು ಬರುವುದೇ ಇಲ್ಲ.

ಇನ್ನೊಂದು ವಿಷಯ. ಕರ್ನಾಟಕದಲ್ಲಿ ಪಂಚಾಯತಿಯ ಅರ್ಧದಷ್ಟು ಸೀಟು ಮಹಿಳೆಯರಿಗೆ ಮೀಸಲು. ಆದರೂ "ನಿಮ್ಮ ಮೆಂಬರ್ ಯಾರು?" ಅಂತ ಕೇಳಿದರೆ ಜನ ಗಂಡಸಿನ ಹೆಸರು ಹೇಳುತ್ತಾರೆ. ಗೆದ್ದಿರುವುದು ಅವರ ಹೆಂಡತಿ. ಆಗ "ಸಹಿ ಯಾರು ಮಾಡ್ತಾರ?" ಅಂತ ಕೇಳಿ. ನಗುತ್ತಾರೆ, ಆಮೇಲೆ ನಿಜ ಹೇಳುತ್ತಾರೆ. ಇದರಲ್ಲಿ ಎಲ್ಲ ಊರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮೊದಲ ವರ್ಷ ಗಂಡನ ಹಿಂದೆ ಕೂತವರು ಮೂರನೇ ವರ್ಷಕ್ಕೆ ಪಿಡಿಓ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಮುಂದೆ ಟೇಬಲ್ ಬಡಿದು ಕೇಳಿದ್ದನ್ನೂ ನೋಡಿದ್ದೇನೆ.

ಹೇಗೆ ಕರೆಯಬೇಕು? "ಸರ್, ಮೇಡಂ" ನಡೆಯುತ್ತದಾ?

ನಡೆಯುತ್ತದೆ, ಆದರೆ ಮಾತು ಅಲ್ಲೇ ನಿಲ್ಲುತ್ತದೆ. ವಯಸ್ಸಾದ ಗಂಡಸರಿಗೆ ಮುತ್ಯಾ, ವಯಸ್ಸಾದ ಹೆಂಗಸರಿಗೆ ಆಯಿ ಅಥವಾ ಅವ್ವ. ನಡುವಯಸ್ಸಿನವರಿಗೆ ಕಾಕಾ, ಅಕ್ಕ, ಅಣ್ಣ. ಮುಸ್ಲಿಂ ಮನೆಗಳಲ್ಲಿ ಚಾಚಾ, ಖಾಲಾ. ಎಲ್ಲದಕ್ಕೂ "ರಿ" ಹಚ್ಚಿ. ಬೆಂಗಳೂರು ಕನ್ನಡದಲ್ಲಿ "ಹೇಳಿ" ಅನ್ನುವ ಬದಲು "ಹೇಳ್ರಿ" ಅಂದರೆ ಸಾಕು, ಕುರ್ಚಿ ಬರುತ್ತದೆ. ಬರದೇ ಇರುವ ಕಲಬುರಗಿ ಮಾತನ್ನು ಒತ್ತಾಯದಿಂದ ಆಡಬೇಡಿ, ಅಣಕಿಸಿದ ಹಾಗೆ ಕೇಳುತ್ತದೆ.

ಕನ್ನಡ ಒಂದೇ ಗೊತ್ತಿದ್ದರೆ ಸಾಕಾ?

ಸುಮಾರು ಕಡೆ ಸಾಕು. ಆದರೆ ಔರಾದ್, ಕಮಲನಗರ ಕಡೆ ಮರಾಠಿ ಮನೆಗಳು ಜಾಸ್ತಿ. ಗುರುಮಠಕಲ್, ಸೇಡಂ ಗಡಿಯಲ್ಲಿ ತೆಲುಗು. ತಾಂಡಾಗಳಲ್ಲಿ ಲಂಬಾಣಿ. ಕಲಬುರಗಿ, ಬೀದರ್ ಪಟ್ಟಣದ ಓಣಿಗಳಲ್ಲಿ ದಖನಿ ಉರ್ದು. ಬಹುತೇಕ ಎಲ್ಲರಿಗೂ ಕನ್ನಡ ಬರುತ್ತದೆ, ಆದರೆ ಸಿಟ್ಟು ಬಂದಾಗ ಮನೆಯ ಭಾಷೆಗೆ ಹೋಗುತ್ತಾರೆ. ನಿಮಗೆ ಬೇಕಾದ ಮಾತು ಆ ಸಿಟ್ಟಿನಲ್ಲೇ ಇರುತ್ತದೆ. ಆ ಭಾಷೆ ಬರುವ ಗೆಳೆಯರೊಬ್ಬರನ್ನು ಕರೆದುಕೊಂಡು ಹೋಗಿ. ಅವರು ಆ ಊರಿನವರಾಗಿರಬಾರದು. ಆ ಊರಿನವರಾದರೆ ಅವರಿಗೂ ಒಂದು ಕಡೆ ಇರುತ್ತದೆ.

ಗೃಹಲಕ್ಷ್ಮಿ, ರೇಷನ್, ಪಿಂಚಣಿ, ಚರಂಡಿ ಎಲ್ಲ ಬೆರೆಸಿ ಮಾತಾಡುತ್ತಾರೆ. ತಿದ್ದಬೇಕಾ?

ಮಧ್ಯೆ ಬಾಯಿ ಹಾಕಿ ತಿದ್ದಬೇಡಿ. ನೀವು ಮಾತ್ರ ಮನಸ್ಸಿನಲ್ಲಿ ಬೇರೆ ಬೇರೆ ಮಾಡಿಕೊಳ್ಳಿ. ಗೃಹಲಕ್ಷ್ಮಿಯ 2,000 ರೂಪಾಯಿ ರಾಜ್ಯ ಸರ್ಕಾರದ್ದು, 2023ರ ಆಗಸ್ಟ್‌ನಲ್ಲಿ ಶುರುವಾಗಿದ್ದು. ಪಿಂಚಣಿ ತಹಶೀಲ್ದಾರ್ ಕಚೇರಿಯ ಕೆಲಸ. ರೇಷನ್ ಆಹಾರ ಇಲಾಖೆಯದ್ದು. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಮನೆಯ ಫಲಾನುಭವಿ ಪಟ್ಟಿ, ಮನೆ ಜಾಗದ ಖಾತೆ ಇವು ಪಂಚಾಯತಿಯ ಬಾಗಿಲಿಗೆ ಬರುವ ವಿಷಯಗಳು.

ಆದರೆ ಒಂದು ಮಾತು. ಪಿಂಚಣಿ ಅರ್ಜಿ ಬರೆದುಕೊಟ್ಟು, ಬಸ್ ಹತ್ತಿಸಿ ತಾಲೂಕಿಗೆ ಕರೆದುಕೊಂಡು ಹೋದವರು ಒಬ್ಬ ಮೆಂಬರ್ ಆಗಿದ್ದರೆ, ಆ ಮುದುಕಿಯ ಲೆಕ್ಕದಲ್ಲಿ ಪಿಂಚಣಿ ಕೊಟ್ಟಿದ್ದು ಪಂಚಾಯತಿಯೇ. ಆ ಲೆಕ್ಕವೂ ವೋಟಾಗುತ್ತದೆ. ಇಲಾಖೆ ಯಾವುದು ಅನ್ನುವ ಪಾಠ ಹೇಳಲು ಹೋದರೆ ಇದು ತಪ್ಪಿಹೋಗುತ್ತದೆ.

ಜನ ನಮ್ಮನ್ನೇ ತಿರುಗಿ ಕೇಳುತ್ತಾರೆ, "ಎಷ್ಟು ವೋಟ್ ಹಾಕಬೇಕು?" ಏನು ಹೇಳುವುದು?

ಪಂಚಾಯತಿಯಲ್ಲಿ ಒಂದೇ ವಾರ್ಡಿಗೆ ಇಬ್ಬರು, ಮೂವರು ಸದಸ್ಯರು ಇರುವುದುಂಟು. ಎಷ್ಟು ಸೀಟೋ ಅಷ್ಟು ವೋಟು ಹಾಕಬಹುದು. ಒಬ್ಬರಿಗೇ ಎರಡು ಹಾಕುವ ಹಾಗಿಲ್ಲ. ಅಸೆಂಬ್ಲಿಗೆ ಒಂದೇ ಬಟನ್ ಒತ್ತಿ ರೂಢಿಯಾದವರಿಗೆ ಇಲ್ಲಿ ಗೊಂದಲ ಆಗುತ್ತದೆ. 2020ರಲ್ಲಿ ಬೀದರ್ ಜಿಲ್ಲೆಯಲ್ಲಿ ಮತಯಂತ್ರ ಇಟ್ಟಿದ್ದರು, ಕಲಬುರಗಿ, ಯಾದಗಿರಿಯಲ್ಲಿ ಮತಪತ್ರ ಮತ್ತು ಮೊಹರು. ಗಡಿ ಊರಿನ ನೆಂಟರು ಒಬ್ಬರಿಗೊಬ್ಬರು ತಪ್ಪು ಹೇಳಿಕೊಟ್ಟರೆ ಆಶ್ಚರ್ಯ ಇಲ್ಲ. ವಾರ್ಡಿನಲ್ಲಿ ಎಷ್ಟು ಸೀಟು ಅಂತ ಪಂಚಾಯತಿ ಕಚೇರಿಯ ನೋಟಿಸ್ ಬೋರ್ಡ್ ನೋಡಿಕೊಂಡೇ ಹೋಗಿ. ಅಷ್ಟು ಹೇಳಿ ಸುಮ್ಮನಾಗಿ. ಯಾರಿಗೆ ಅನ್ನುವುದಕ್ಕೆ ಹೋಗಬೇಡಿ.

ಪಟ್ಟಿಯಲ್ಲಿ ಹೆಸರಿಲ್ಲ ಅನ್ನುವವರೂ ಸಿಗುತ್ತಾರೆ. ಪಂಚಾಯತಿಯ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯನ್ನು ವಾರ್ಡ್‌ವಾರು ಒಡೆದು. ಒಡೆಯುವಾಗ ಗಂಡನ ಹೆಸರು ಒಂದು ವಾರ್ಡಿಗೆ, ಹೆಂಡತಿಯದು ಇನ್ನೊಂದಕ್ಕೆ ಹೋಗಿರುತ್ತದೆ. ಪಕ್ಕದ ವಾರ್ಡಿನ ಪಟ್ಟಿ ನೋಡಲು ಹೇಳಿ.

ದುಡ್ಡು ಹಂಚುವ ಬಗ್ಗೆ ಕೇಳಬಹುದಾ?

"ನಿಮಗೆಷ್ಟು ಕೊಟ್ಟರು?" ಅಂತ ಯಾವತ್ತೂ ಕೇಳಬೇಡಿ. ಮರ್ಯಾದೆ ಪ್ರಶ್ನೆ ಒಂದು ಕಡೆ ಇರಲಿ, ಕಾನೂನೂ ಇದೆ. ವೋಟಿಗೆ ದುಡ್ಡು ಕೊಡುವುದು ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಇದನ್ನೇ ಹೇಳುತ್ತದೆ. ಮೊದಲು ಐಪಿಸಿಯಲ್ಲೂ ಇತ್ತು. ನಿಮ್ಮ ಮೊಬೈಲಿನಲ್ಲಿ ಒಬ್ಬ ಕೂಲಿ ಹೆಣ್ಣುಮಗಳು "ಹೌದ್ರಿ, ಐನೂರು ಕೊಟ್ರು" ಅಂದ ದನಿ ಇದ್ದರೆ ಸಿಕ್ಕಿಬೀಳುವುದು ಅವಳು. ಕೊಟ್ಟವರು ಆರಾಮಾಗಿ ಓಡಾಡಿಕೊಂಡಿರುತ್ತಾರೆ.

"ಈ ಸಲ ಊರಾಗ ಖರ್ಚು ಹೆಂಗದ?" ಅಂತ ಕೇಳಿ. ಊರಿನ ಮೇಲೆ ಹಾಕಿ ಕೇಳಿದರೆ ಜನ ಬಿಚ್ಚಿ ಮಾತಾಡುತ್ತಾರೆ. ಸೀರೆ, ಕುಕ್ಕರ್, ಢಾಬಾದ ಊಟ, ಕೊನೆಯ ರಾತ್ರಿಯ ಲಕೋಟೆ, ಎಲ್ಲ ಬರುತ್ತದೆ. ಇನ್ನೂ ಒಂದು ಸಾಮಾನ್ಯವಾಗಿ ಬರುತ್ತದೆ: "ಎರಡೂ ಕಡೆ ತೊಗೊಂಡೀವಿ, ಹಾಕೋದು ನಮ್ಮ ಮನಸ್ಸಿಗೆ ಬಂದವರಿಗೆ." ಇದನ್ನು ಕೇಳಿ ನಕ್ಕು ಬರುವವರೇ ಜಾಸ್ತಿ. ಸ್ವಲ್ಪ ತಡೆದು, "ಇಸ್ಕೊಳ್ಳದಿದ್ರ ಏನಾಗ್ತದ?" ಅಂತ ಕೇಳಿ. "ಆ ಕಡೆಯವರು ಅಂತ ಗುರುತಾಗ್ತದರಿ" ಅನ್ನುತ್ತಾರೆ. ದುಡ್ಡು ಇಸ್ಕೊಳ್ಳುವುದು ಕೆಲವರಿಗೆ ಆಸೆ, ಕೆಲವರಿಗೆ ರಕ್ಷಣೆ. ಬರೆಯುವಾಗ ಈ ವ್ಯತ್ಯಾಸ ಕಾಣಬೇಕು.

ಅವಿರೋಧ ಆಯ್ಕೆ ಆದ ಊರಿನಲ್ಲಿ ಏನು ಮಾತಾಡುವುದು?

ಅಲ್ಲೇ ಜಾಸ್ತಿ ಮಾತಾಡುವುದಿದೆ. 2020ರಲ್ಲಿ ಸದಸ್ಯ ಸ್ಥಾನ ಹರಾಜು ಹಾಕಿದ ಸುದ್ದಿ ನಮ್ಮ ಭಾಗವೂ ಸೇರಿ ರಾಜ್ಯದ ಹಲವು ಕಡೆಯಿಂದ ಬಂತು. ಗುಡಿಗೆ ಇಷ್ಟು ಲಕ್ಷ ಕೊಡುತ್ತೇನೆ ಅಂದವರಿಗೆ ಸೀಟು, ಉಳಿದವರು ನಾಮಪತ್ರ ಹಾಕುವಂತಿಲ್ಲ. ಊರ ಹಿರಿಯರು "ಜಗಳ ಬ್ಯಾಡ ಅಂತ ಮಾಡಿದ್ವಿ, ಗುಡಿನೂ ಆಗ್ತದ" ಅನ್ನುತ್ತಾರೆ. ಆ ಮಾತಿನಲ್ಲಿ ಪೂರ್ತಿ ಸುಳ್ಳಿಲ್ಲ. ಚುನಾವಣೆಯ ಜಗಳದಲ್ಲಿ ತಲೆ ಒಡೆದುಕೊಂಡ ಊರು ನಮ್ಮಲ್ಲಿ ಕಡಿಮೆ ಏನಿಲ್ಲ. ಆದರೆ ಆ ತೀರ್ಮಾನ ಆದ ರಾತ್ರಿ ಸಭೆಯಲ್ಲಿ ಯಾರಿದ್ದರು ಅಂತ ಕೇಳಿ. ಹೆಣ್ಣುಮಕ್ಕಳಿದ್ದರಾ? ಎಲ್ಲ ಓಣಿಯವರನ್ನೂ ಕರೆದಿದ್ದರಾ? ಆ ಗುಡಿಯೊಳಗೆ ಊರಿನ ಎಲ್ಲರಿಗೂ ಪ್ರವೇಶ ಇದೆಯಾ? ಮೂರನೇ ಪ್ರಶ್ನೆಗೆ ಬರುವ ಮೌನವನ್ನೂ ಬರೆದುಕೊಳ್ಳಿ.

ಮಾತಾಡುವಾಗ ಅಭ್ಯರ್ಥಿಯ ಕಡೆಯವರು ಬಂದು ನಿಂತರೆ?

ಪ್ರಶ್ನೆ ಬದಲಿಸಿ. ಮಳೆ, ತೊಗರಿ ರೇಟು, ಗಂಜಿನಲ್ಲಿ (ಕಾಳಿನ ಮಾರುಕಟ್ಟೆಯಲ್ಲಿ) ಕ್ವಿಂಟಲ್‌ಗೆ ಎಷ್ಟು ಸಿಕ್ಕಿತು. ಬಂದವರನ್ನೂ ಮಾತಿಗೆ ಎಳೆದು ಅವರ ಪ್ರಚಾರ ಐದು ನಿಮಿಷ ಕೇಳಿ ಎದ್ದುಬಿಡಿ. ಎದ್ದು ಹೋಗುವಾಗ ಮೊದಲು ಮಾತಾಡಿದವರ ಕಡೆ ತಿರುಗಿ "ನೀವು ಹೇಳಿದ್ದು ಬರೀತೀನ್ರಿ" ಅನ್ನಬೇಡಿ. ನೀವು ಸಂಜೆ ಬಸ್ ಹತ್ತುತ್ತೀರಿ, ಅವರು ಅಲ್ಲೇ ಇರಬೇಕು.

ಹೆಸರು, ಫೋಟೋ, ರೆಕಾರ್ಡಿಂಗ್?

ಕೇಳಿಯೇ ಮಾಡಿ. ಒಪ್ಪಿದರೂ ಒಮ್ಮೆ ಯೋಚಿಸಿ. ಊರಿನ ಹೆಸರು, ಓಣಿ, ವಯಸ್ಸು, ಕಸುಬು ನಾಲ್ಕೂ ಹಾಕಿದರೆ ಹೆಸರು ಹಾಕದೇ ಇದ್ದರೂ ಊರವರಿಗೆ ಯಾರು ಅಂತ ಗೊತ್ತಾಗುತ್ತದೆ. ನಾನು ಸಾಮಾನ್ಯವಾಗಿ ತಾಲೂಕಿನ ಹೆಸರು ಹಾಕಿ ಊರಿನ ಹೆಸರು ಬಿಡುತ್ತೇನೆ. ವಿಡಿಯೋ ಆದರೆ ನೀರು, ರಸ್ತೆ ಬಗ್ಗೆ ಮಾತ್ರ. ದುಡ್ಡು, ಜಾತಿ, ಬೆದರಿಕೆ ವಿಷಯಕ್ಕೆ ಕ್ಯಾಮೆರಾ ಜೇಬಿನಲ್ಲಿರಲಿ. ಊರಿನ ವಾಟ್ಸ್ಆಪ್ ಗುಂಪಿಗೆ ಒಂದು ತುಣುಕು ಹೋದರೆ ಸಾಕು, ಅದನ್ನು ವಾಪಸ್ ತರಲು ಆಗುವುದಿಲ್ಲ.

ಚಹಾ ಕುಡಿಯಬಹುದಾ?

ಮತದಾರರ ಮನೆಯಲ್ಲಿ ಕೊಟ್ಟರೆ ಕುಡಿಯಿರಿ, ಬೇಡ ಅಂದರೆ ನೊಂದುಕೊಳ್ಳುತ್ತಾರೆ. ಯಾವ ಓಣಿಯಲ್ಲಿ ಕುಡಿದಿರಿ, ಯಾವ ಓಣಿಯಲ್ಲಿ ಬೇಡ ಅಂದಿರಿ ಅಂತ ಜನ ನೋಡುತ್ತಿರುತ್ತಾರೆ. ಅಭ್ಯರ್ಥಿಯ ಕಡೆಯ ಊಟ ಬೇಡ.

ದುಡಿಯಲು ಹೋದವರನ್ನು ಎಲ್ಲಿ ಹುಡುಕುವುದು?

ಊರಲ್ಲಿ ಬಾಗಿಲಿಗೆ ಬೀಗ ಇರುವ ಮನೆ ಲೆಕ್ಕ ಹಾಕಿ, ಪಕ್ಕದವರಿಂದ ಫೋನ್ ನಂಬರ್ ತೆಗೆದುಕೊಳ್ಳಿ. ದೀಪಾವಳಿ ಆದ ಮೇಲೆ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಹೋದವರು ಬಹಳ. ಪಂಚಾಯತಿ ಚುನಾವಣೆಯಲ್ಲಿ ಅವರ ವೋಟಿಗೆ ಬೆಲೆ ಜಾಸ್ತಿ. ಅಭ್ಯರ್ಥಿಗಳೇ ಕ್ರೂಸರ್ ಮಾಡಿ ಪುಣೆಯಿಂದ ಕರೆಸುತ್ತಾರೆ. ಹಾಗೆ ಗಾಡಿ ಮಾಡಿ ಮತದಾರರನ್ನು ತರುವುದು ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಮತದಾನದ ಹಿಂದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಅವರು ಸಿಗುತ್ತಾರೆ. ಕೂಲಿ ಬಿಟ್ಟು ಯಾಕೆ ಬಂದಿರಿ ಅಂತ ಕೇಳಿ. "ವೋಟ್ ಹಾಕ್ಲಿಲ್ಲಂದ್ರ ರೇಷನ್ ಕಾರ್ಡ್ ಹೋಗ್ತದಂತ" ಅನ್ನುವವರೂ ಇದ್ದಾರೆ. ಹಾಗೇನೂ ಇಲ್ಲ ಅಂತ ಅಲ್ಲೇ ಹೇಳಿಬಿಡಿ. ಇಂಥ ತಪ್ಪು ತಿಳಿವಳಿಕೆಯನ್ನು ತಿದ್ದದೇ ಬರುವುದು ಸರಿಯಲ್ಲ.

ಕಲಬುರಗಿ ನಗರದಲ್ಲೂ ಇದೇ ರೀತಿ ಮಾಡಬಹುದಾ?

ಸ್ವಲ್ಪ ಬೇರೆ. ಪಾಲಿಕೆ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುತ್ತದೆ, ಜನ ಪಕ್ಷದ ಹೆಸರು ಹೇಳಲು ಅಷ್ಟು ಹೆದರುವುದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ 55 ವಾರ್ಡಿಗೆ ಚುನಾವಣೆ ಆದಾಗ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಒಬ್ಬರು ಪಕ್ಷೇತರರು ಗೆದ್ದರು. ಯಾರಿಗೂ ಬಹುಮತ ಇಲ್ಲ. ಮೇಯರ್ ಆಯ್ಕೆ ಆಗಿದ್ದು 2023ರ ಮಾರ್ಚ್‌ನಲ್ಲಿ. ಅಷ್ಟು ದಿನ ನಗರಕ್ಕೆ ಮೇಯರ್ ಇರಲಿಲ್ಲ ಅನ್ನುವುದನ್ನು ಎಷ್ಟು ಜನ ಗಮನಿಸಿದ್ದರು ಅಂತ ಸೂಪರ್ ಮಾರ್ಕೆಟ್ ಹತ್ತಿರ ನಿಂತು ಕೇಳಿ ನೋಡಿ. ಕಸದ ಗಾಡಿ ಬಂದಿತ್ತಾ ಅನ್ನುವುದು ಎಲ್ಲರಿಗೂ ನೆನಪಿರುತ್ತದೆ.

"ಜಿಲ್ಲಾ ಪಂಚಾಯತಿ ಎಲೆಕ್ಷನ್ ಏನಾಯ್ತು?" ಅಂತ ಕೇಳುತ್ತಾರಲ್ಲ?

ಕೇಳುವುದು ಸರಿಯಾಗಿದೆ. ಜಿಲ್ಲಾ, ತಾಲೂಕು ಪಂಚಾಯತಿಗೆ 2016ರ ಫೆಬ್ರುವರಿಯಲ್ಲಿ ಆದ ಚುನಾವಣೆಯ ಅವಧಿ 2021ಕ್ಕೇ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಊರಿನ ರಸ್ತೆಗೆ ಯಾರನ್ನು ಕೇಳಬೇಕು ಅನ್ನುವ ಗೊಂದಲಕ್ಕೆ ಇದೂ ಒಂದು ಕಾರಣ.

ನೂರು ಜನರನ್ನು ಮಾತಾಡಿಸಿದರೆ ಯಾರು ಗೆಲ್ಲುತ್ತಾರೆ ಅಂತ ಬರೆಯಬಹುದಾ?

ಬೇಡ. ನೀವು ಮಾತಾಡಿಸಿದ್ದು ಸಿಕ್ಕವರನ್ನು. ಜನ ಏನನ್ನು ನೋಡಿ ವೋಟು ಹಾಕುತ್ತಾರೆ ಅಂತ ಬರೆಯಿರಿ, ಅದೇ ಬೇಕಾದಷ್ಟಾಯಿತು.

ಮತದಾನದ ದಿನ ಎಲ್ಲಿ ನಿಲ್ಲಬೇಕು?

ಮತಗಟ್ಟೆಯಿಂದ 100 ಮೀಟರ್ ಆಚೆ. ಒಳಗೆ ಹೋಗಲು ಅಧಿಕಾರಿಗಳು ಕೊಟ್ಟ ಪಾಸ್ ಬೇಕು. ಹೊರಬಂದವರಿಗೆ ಯಾರಿಗೆ ಹಾಕಿದಿರಿ ಅಂತ ಕೇಳಬೇಡಿ. ಎಷ್ಟು ಹೊತ್ತು ಸಾಲಿನಲ್ಲಿ ನಿಂತಿರಿ, ನೆರಳು, ನೀರು ಇತ್ತಾ, ಮತಪತ್ರ ಮಡಚುವುದು ತಿಳಿಯಿತಾ ಅಂತ ಕೇಳಿ. ವೃದ್ಧರ ಜೊತೆ ಒಳಗೆ ಹೋಗಿ ವೋಟು ಹಾಕಿಸಿ ಬರುವವರು ಯಾರು ಅಂತ ಗಮನಿಸಿ. ಒಬ್ಬನೇ ಮನುಷ್ಯ ಮೂರು ಆಯಿಗಳ ಮೊಮ್ಮಗ ಆಗಿದ್ದರೆ ಅದು ಸುದ್ದಿ.

ಫಲಿತಾಂಶ ಬಂದ ಮೇಲೂ ಹೋಗಬೇಕಾ?

ಹೋಗಿ, ಆದರೆ ಗುಲಾಲು ಎರಚುವ ದಿನ ಬೇಡ. ಸೋತವರು ಮನೆ ಮನೆ ಲೆಕ್ಕ ಹಾಕುತ್ತಾ ಕೂತಿರುತ್ತಾರೆ. ನೀವು ಹಿಂದೆ ಯಾರ ಮನೆಯಲ್ಲಿ ಕೂತಿದ್ದಿರಿ ಅನ್ನುವುದೂ ಆ ಲೆಕ್ಕಕ್ಕೆ ಸೇರಬಹುದು. ಒಂದೆರಡು ವಾರ ಬಿಡಿ. ಆ ಹೊತ್ತಿಗೆ ಚೇರ್ಮನ್ (ಪಂಚಾಯತಿ ಅಧ್ಯಕ್ಷ) ಆಯ್ಕೆಯ ಗದ್ದಲ ಶುರುವಾಗಿರುತ್ತದೆ. 2020ರಲ್ಲಿ ಗೆದ್ದ ಪಂಚಾಯತಿಗಳಲ್ಲಿ ಅಧ್ಯಕ್ಷರ ಅವಧಿ 30 ತಿಂಗಳಿತ್ತು, ಅಂದರೆ 5 ವರ್ಷದಲ್ಲಿ ಎರಡು ಸಲ ಗದ್ದಲ. ಮೀಸಲಾತಿ ಪಟ್ಟಿ ಬಂದ ದಿನದಿಂದ ಮೆಂಬರ್‌ಗಳ ಫೋನ್ ಸ್ವಿಚ್ ಆಫ್. ಎದುರಿನವರ ಕೈಗೆ ಸಿಗಬಾರದು ಅಂತ ಗಾಣಗಾಪುರ, ಶಿರಡಿ, ಗೋವಾ ಕಡೆ ಟೂರ್ ಹೋಗಿರುತ್ತಾರೆ. ಆಗ ಮತದಾರರನ್ನು "ನಿಮ್ಮ ಮೆಂಬರ್ ಎಲ್ಲ್ಯದಾರ್ರಿ?" ಅಂತ ಕೇಳಿ. ವೋಟಿಗೆ ಮುಂಚೆ ಬಾಯಿ ಬಿಡದವರೂ ಈಗ ಹೆಸರು ಹಿಡಿದು ಮಾತಾಡುತ್ತಾರೆ. ವಾಪಸ್ ಬರುವಾಗ ಪಂಚಾಯತಿ ಕಚೇರಿಗೆ ಹೋಗಿ ಮೊದಲ ಗ್ರಾಮ ಸಭೆಯ ತಾರೀಕು ಕೇಳಿ ಬರೆದುಕೊಂಡು ಬನ್ನಿ. ಮಾತಾಡಿಸಿದವರಿಗೆಲ್ಲ ಆ ತಾರೀಕು ಫೋನ್ ಮಾಡಿ ತಿಳಿಸಿ. ಡಂಗುರ ಸಾರುವುದನ್ನು ಕಾಯಬೇಡಿ.